ಯಕೃತ್ತಿನ ಭಾಗ ತೆಗೆಯುವ ಶಸ್ತ್ರಚಿಕಿತ್ಸೆ: ಒಪ್ಪಿಗೆಗೆ ಮೊದಲು ಕೇಳಬೇಕಾದುದು, ಮನೆಗೆ ಬಂದ ಮೇಲೆ ಗಮನಿಸಬೇಕಾದುದು

ಯಕೃತ್ತಿನಲ್ಲಿ ಗಡ್ಡೆಯಿದೆ, ಅದಿರುವ ಭಾಗವನ್ನು ಕತ್ತರಿಸಿ ತೆಗೆಯಬೇಕು ಎಂದು ವೈದ್ಯರು ಹೇಳಿದಾಗ ರೋಗಿಯೂ ಮನೆಯವರೂ ಮೊದಲು ಕೇಳುವುದು ‘ಎಷ್ಟು ಭಾಗ ತೆಗೆಯುತ್ತೀರಿ?’ ಎಂದು. ಅದು ಸಹಜವಾದ ಪ್ರಶ್ನೆ. ಆದರೆ ಈ ಶಸ್ತ್ರಚಿಕಿತ್ಸೆ ಎಷ್ಟು ಸುರಕ್ಷಿತವಾಗಿ ಮುಗಿಯುತ್ತದೆ ಎಂಬುದು ದೇಹದೊಳಗೆ ಉಳಿಯುವ ಭಾಗವನ್ನು ಹೆಚ್ಚು ಅವಲಂಬಿಸಿದೆ: ಅದು ಎಷ್ಟು ದೊಡ್ಡದು, ಎಷ್ಟು ಆರೋಗ್ಯವಾಗಿದೆ, ಅದಕ್ಕೆ ರಕ್ತ ಬಂದು ಹೋಗುವ ದಾರಿಗಳೂ ಅದರಿಂದ ಪಿತ್ತ ಹರಿಯುವ ದಾರಿಯೂ ಕೆಡದೆ ಉಳಿಯುತ್ತವೆಯೇ ಎಂಬ ಸಂಗತಿಗಳನ್ನು. ಈ ಬರಹವನ್ನು ಆ ದೃಷ್ಟಿಯಿಂದ, ಶಸ್ತ್ರಚಿಕಿತ್ಸೆಯ ಸಲಹೆ ಪಡೆದ ರೋಗಿಗಾಗಿ ಮತ್ತು ಅವರೊಂದಿಗೆ ಆಸ್ಪತ್ರೆಗೆ ಓಡಾಡುವವರಿಗಾಗಿ ಬರೆಯಲಾಗಿದೆ. ಇದು ನಿಮ್ಮ ವೈದ್ಯರ ಮಾತಿಗೆ ಬದಲಿಯಾಗಲಾರದು. ಅವರೊಂದಿಗೆ ಸರಿಯಾದ ಮಾತುಕತೆ ನಡೆಸಲು ಬೇಕಾದ ತಿಳಿವಳಿಕೆಯನ್ನು ಕೊಡಬಲ್ಲದು.

ಇಂದು ಇದು ಎಷ್ಟು ಸುರಕ್ಷಿತ?

ವಯಸ್ಕರ ಯಕೃತ್ತು ಒಂದೂಕಾಲರಿಂದ ಒಂದೂವರೆ ಕಿಲೋ ತೂಗುತ್ತದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಅದರ ಮೂಲಕ ಹರಿಯುತ್ತದೆ; ಅದರಲ್ಲಿ ಸರಿಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದ್ದು, ಉಳಿದ ಕಾಲು ಪಾಲು ಅಪಧಮನಿಯದು. ಇಷ್ಟು ರಕ್ತ ತುಂಬಿದ ಮೆತ್ತನೆಯ ಅಂಗವನ್ನು ಕತ್ತರಿಸುವುದು ಬಹುಕಾಲ ಪ್ರಾಣಾಪಾಯದ ಕೆಲಸವಾಗಿತ್ತು. ಜರ್ಮನಿಯ ಕಾರ್ಲ್ ಲಾಂಗೆನ್‌ಬುಖ್ ಪೂರ್ವಯೋಜಿತವಾಗಿ ಯಕೃತ್ತಿನ ತುಂಡೊಂದನ್ನು ತೆಗೆದು ರೋಗಿಯನ್ನು ಉಳಿಸಿದ ವರದಿಯನ್ನು 1888ರಲ್ಲಿ ಪ್ರಕಟಿಸಿದರು. ಆಗಲೂ ರಕ್ತಸ್ರಾವಕ್ಕಾಗಿ ಹೊಟ್ಟೆಯನ್ನು ಮತ್ತೆ ತೆರೆಯಬೇಕಾಗಿ ಬಂದಿತ್ತು. 1908ರಲ್ಲಿ ಗ್ಲಾಸ್ಗೋದ ಹೋಗಾರ್ತ್ ಪ್ರಿಂಗಲ್, ಯಕೃತ್ತಿಗೆ ರಕ್ತ ಒಯ್ಯುವ ನಾಳಗಳ ಕಟ್ಟನ್ನು ಸ್ವಲ್ಪ ಹೊತ್ತು ಒತ್ತಿಹಿಡಿದರೆ ರಕ್ತಸ್ರಾವ ತಗ್ಗುತ್ತದೆ ಎಂದು ತೋರಿಸಿದರು. ಆ ಕ್ರಮವನ್ನು ಇಂದಿಗೂ ಬಳಸುತ್ತಾರೆ. ಸಾಮಾನ್ಯವಾಗಿ 15 ನಿಮಿಷ ಒತ್ತಿ, 5 ನಿಮಿಷ ಬಿಟ್ಟು, ಮತ್ತೆ ಒತ್ತುತ್ತಾರೆ.

ದೊಡ್ಡ ತಿರುವು ಬಂದದ್ದು ಅಂಗರಚನೆಯ ಅರಿವಿನಿಂದ. ಫ್ರಾನ್ಸಿನ ಕ್ಲೋದ್ ಕ್ವಿನೋ 1950ರ ದಶಕದಲ್ಲಿ ಯಕೃತ್ತನ್ನು ಎಂಟು ಖಂಡಗಳಾಗಿ ವಿವರಿಸಿದರು. ಮರದ ಕೊಂಬೆಗಳಂತೆ ಕವಲೊಡೆಯುವ ರಕ್ತನಾಳ ಮತ್ತು ಪಿತ್ತನಾಳಗಳಲ್ಲಿ ಪ್ರತಿ ಖಂಡಕ್ಕೂ ತನ್ನದೇ ಆದ ಕವಲು ಇರುವುದರಿಂದ, ಒಂದು ಖಂಡವನ್ನು ಅದರ ಕವಲಿನೊಂದಿಗೆ ತೆಗೆದರೂ ಪಕ್ಕದ ಖಂಡಕ್ಕೆ ತೊಂದರೆಯಾಗುವುದಿಲ್ಲ. ವೈದ್ಯರು ನಿಮ್ಮ ಸ್ಕ್ಯಾನ್ ನೋಡುತ್ತ ‘ಆರು, ಏಳನೆಯ ಸೆಗ್ಮೆಂಟ್’ ಎಂದು ಹೇಳುವುದು ಈ ಎಣಿಕೆಯನ್ನೇ.

ಹೀಗಿದ್ದೂ 1977ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ, ಯಕೃತ್ತಿನ ದೊಡ್ಡ ಭಾಗ ತೆಗೆಸಿಕೊಂಡವರಲ್ಲಿ ಶೇ 20ಕ್ಕಿಂತ ಹೆಚ್ಚು ಮಂದಿ ಸಾವಿಗೀಡಾಗಿದ್ದರು. ಕಾಲು ಶತಮಾನದ ನಂತರ, 2002ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರ ತನ್ನ 1803 ರೋಗಿಗಳ ಲೆಕ್ಕ ಕೊಟ್ಟಾಗ ಸಾವಿನ ಪ್ರಮಾಣ ಶೇ 3.1ಕ್ಕೆ ಇಳಿದಿತ್ತು. 2003ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ತಂಡ ಎಂಟು ವರ್ಷಗಳಲ್ಲಿ ಮಾಡಿದ 1056 ಶಸ್ತ್ರಚಿಕಿತ್ಸೆಗಳಲ್ಲಿ ಒಂದೂ ಸಾವಿಲ್ಲ ಎಂದು ವರದಿ ಮಾಡಿತು. ಸೂಕ್ತ ರೋಗಿಗಳ ಆಯ್ಕೆ, ಶಸ್ತ್ರಚಿಕಿತ್ಸೆಯ ನಡುವೆಯೇ ಯಕೃತ್ತಿನ ಮೇಲೆ ಅಲ್ಟ್ರಾಸೌಂಡ್ ಇಟ್ಟು ನಾಳಗಳನ್ನು ಗುರುತಿಸುವುದು, ಅರಿವಳಿಕೆ ತಜ್ಞರು ದೊಡ್ಡ ಅಭಿಧಮನಿಗಳಲ್ಲಿನ ಒತ್ತಡವನ್ನು ತಗ್ಗಿಸಿಟ್ಟು ರಕ್ತಸ್ರಾವ ಕಡಿಮೆ ಮಾಡುವುದು, ಅನಗತ್ಯವಾಗಿ ಹೆಚ್ಚು ತೆಗೆಯದಿರುವುದು, ಇವೆಲ್ಲ ಸೇರಿ ಈ ಬದಲಾವಣೆ ತಂದವು.

ಆದರೆ ಅದೇ ನ್ಯೂಯಾರ್ಕಿನ ವರದಿಯಲ್ಲಿ ಶೇ 45ರಷ್ಟು ರೋಗಿಗಳಿಗೆ ಸಣ್ಣದೋ ದೊಡ್ಡದೋ ಒಂದಲ್ಲ ಒಂದು ತೊಡಕು ಕಾಣಿಸಿಕೊಂಡಿತ್ತು ಎಂಬುದನ್ನೂ ಮರೆಯಬಾರದು. ಸಾವಿನ ಅಪಾಯ ತಗ್ಗಿದೆ ಎಂದರೆ ದಾರಿ ಸುಗಮವಾಗಿದೆ ಎಂದರ್ಥವಲ್ಲ. ಅನುಭವಿ ಕೇಂದ್ರಗಳಲ್ಲಿ ಇಂದು, ಆರೋಗ್ಯವಾದ ಯಕೃತ್ತಿನಿಂದ ಸಣ್ಣ ಭಾಗ ತೆಗೆಯುವಾಗ ಸಾವಿನ ಪ್ರಮಾಣ ಶೇ 1ರ ಆಸುಪಾಸಿನಲ್ಲಿರುತ್ತದೆ, ಅರ್ಧಕ್ಕಿಂತ ಹೆಚ್ಚು ತೆಗೆಯುವಾಗ ಅದು ಶೇ 3ರಿಂದ 5ಕ್ಕೆ ಏರುತ್ತದೆ, ಯಕೃತ್ತಿನ ಬಾಗಿಲಲ್ಲಿ ಪಿತ್ತನಾಳಗಳು ಕೂಡುವ ಜಾಗದ ಕ್ಯಾನ್ಸರಿನಲ್ಲಿ ಇನ್ನೂ ಹೆಚ್ಚಾಗುತ್ತದೆ. ಆದ್ದರಿಂದ ‘ಲಿವರ್ ಆಪರೇಷನ್ನಿನಲ್ಲಿ ಎಷ್ಟು ಅಪಾಯ?’ ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದು ಉತ್ತರವಿಲ್ಲ. ನಿಮ್ಮ ಯಕೃತ್ತು, ನಿಮ್ಮ ಗಡ್ಡೆ, ನಿಮ್ಮ ವಯಸ್ಸು ಮತ್ತು ಇತರ ಕಾಯಿಲೆಗಳನ್ನು ಇಟ್ಟುಕೊಂಡು ಅಪಾಯ ಎಷ್ಟೆಂದು ಕೇಳಿ.

ಶಸ್ತ್ರಚಿಕಿತ್ಸೆ ಬೇಕೇ ಎಂಬುದು ಮೊದಲು ಖಚಿತವಾಗಲಿ

ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಕಾಣುವ ಯಕೃತ್ತಿನ ಗಡ್ಡೆಗಳಲ್ಲಿ ಹಲವು ನಿರುಪದ್ರವಿ. ರಕ್ತನಾಳಗಳ ಗೊಂಚಲಾದ ಹೀಮ್ಯಾಂಜಿಯೋಮ ಬಹಳ ಸಾಮಾನ್ಯ. ನೋವಿಲ್ಲದಿದ್ದರೆ, ರೋಗನಿರ್ಣಯದಲ್ಲಿ ಸಂಶಯವಿಲ್ಲದಿದ್ದರೆ ಅದನ್ನು ತೆಗೆಯುವ ಅಗತ್ಯ ಬಹುತೇಕ ಬರುವುದಿಲ್ಲ. ಸರಳ ನೀರುಗುಳ್ಳೆಗಳ ವಿಷಯವೂ ಹಾಗೆಯೇ. ಹೆದರಿಕೆಯೊಂದೇ ಕಾರಣವಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ತಪ್ಪು ಎಂದು ನಾನು ದೃಢವಾಗಿ ನಂಬುತ್ತೇನೆ.

ಹೆಚ್ಚಿನ ಶಸ್ತ್ರಚಿಕಿತ್ಸೆಗಳು ನಡೆಯುವುದು ದೊಡ್ಡ ಕರುಳಿನಿಂದ ಯಕೃತ್ತಿಗೆ ಹರಡಿದ ಕ್ಯಾನ್ಸರಿಗಾಗಿ, ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರಿಗಾಗಿ, ಪಿತ್ತನಾಳ ಮತ್ತು ಪಿತ್ತಕೋಶದ ಕ್ಯಾನ್ಸರಿಗಾಗಿ. ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮೊದಲನೆಯದು, ಯಕೃತ್ತಿನ ಶಸ್ತ್ರಚಿಕಿತ್ಸಾ ತಜ್ಞರು ನೋಡುವ ಮೊದಲೇ ಸೂಜಿ ಹಾಕಿ ಬಯಾಪ್ಸಿ ತೆಗೆಸಲು ಆತುರಪಡಬೇಡಿ. ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇರುವವರಲ್ಲಿ ಯಕೃತ್ತಿನ ಕ್ಯಾನ್ಸರನ್ನು ಸರಿಯಾದ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನಿನಿಂದಲೇ ಗುರುತಿಸಲು ಸಾಮಾನ್ಯವಾಗಿ ಸಾಧ್ಯವಿದೆ, ಮತ್ತು ಸೂಜಿ ಸಾಗಿದ ದಾರಿಯಲ್ಲಿ ಕ್ಯಾನ್ಸರ್ ಕಣಗಳು ಬೀಳುವ ಸಣ್ಣ ಅಪಾಯವೂ ಇದೆ. ಎರಡನೆಯದು, ಕಲ್ಲಿಗಾಗಿ ಪಿತ್ತಕೋಶ ತೆಗೆಸಿಕೊಂಡವರು ಅದರ ಬಯಾಪ್ಸಿ ವರದಿಯನ್ನು ತಪ್ಪದೆ ಪಡೆದು ಓದಿಸಬೇಕು. ಅದರಲ್ಲಿ ಅನಿರೀಕ್ಷಿತವಾಗಿ ಕ್ಯಾನ್ಸರ್ ಕಂಡು, ಅದು ಪಿತ್ತಕೋಶದ ಸ್ನಾಯುಪದರವನ್ನು ತಲುಪಿದ್ದರೆ, ಪಕ್ಕದ ಯಕೃತ್ತಿನ ಭಾಗವನ್ನೂ ದುಗ್ಧಗ್ರಂಥಿಗಳನ್ನೂ ತೆಗೆಯುವ ಎರಡನೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬೇಕಾಗುತ್ತದೆ.

ಉಳಿಯುವ ಭಾಗದ ಲೆಕ್ಕ

ಸಿಟಿ ಸ್ಕ್ಯಾನಿನ ಚಿತ್ರಗಳಿಂದ ಯಕೃತ್ತಿನ ಗಾತ್ರವನ್ನು ಮಿಲಿಲೀಟರುಗಳಲ್ಲಿ ಅಳೆಯಬಹುದು. ದೊಡ್ಡ ಶಸ್ತ್ರಚಿಕಿತ್ಸೆಯ ಮೊದಲು ಈ ಅಳತೆಯನ್ನು ಮಾಡಿಸಿಯೇ ಇರುತ್ತಾರೆ. ಮಾಡಿಸಿಲ್ಲವಾದರೆ ಏಕೆ ಎಂದು ಕೇಳುವ ಹಕ್ಕು ನಿಮಗಿದೆ. ಲೆಕ್ಕದ ಕ್ರಮ ಕಷ್ಟದ್ದಲ್ಲ. ಒಬ್ಬರ ಯಕೃತ್ತಿನ ಒಟ್ಟು ಗಾತ್ರ 1500 ಮಿಲಿ, ಅದರಲ್ಲಿ ಗಡ್ಡೆಯ ಗಾತ್ರ 200 ಮಿಲಿ ಎಂದಿಟ್ಟುಕೊಳ್ಳಿ. ಗಡ್ಡೆ ಕೆಲಸ ಮಾಡುವುದಿಲ್ಲವಾದ್ದರಿಂದ ಕೆಲಸ ಮಾಡುವ ಯಕೃತ್ತು 1300 ಮಿಲಿ. ಬಲಭಾಗವನ್ನು ತೆಗೆದ ಮೇಲೆ 390 ಮಿಲಿ ಉಳಿಯುವುದಾದರೆ, ಉಳಿಯುವುದು ಶೇ 30.

ಈ ಶೇ 30 ಸಾಕೋ ಸಾಲದೋ ಎಂಬುದು ಯಕೃತ್ತಿನ ಗುಣದ ಮೇಲೆ ನಿಂತಿದೆ. ಯಾವ ಕಾಯಿಲೆಯೂ ಇಲ್ಲದ ಯಕೃತ್ತಿನಲ್ಲಿ ಶೇ 20 ಉಳಿದರೂ ಸಾಕೆಂದು ಬಹುತೇಕ ತಜ್ಞರು ಒಪ್ಪುತ್ತಾರೆ. ಹಲವು ಸುತ್ತು ಕೀಮೋ ಪಡೆದಿದ್ದರೆ ಅಥವಾ ಕೊಬ್ಬು ಹೆಚ್ಚಾಗಿ ಸೇರಿಕೊಂಡಿದ್ದರೆ ಶೇ 30 ಬೇಕು. ಸಿರೋಸಿಸ್ ಇದ್ದರೆ ಶೇ 40 ಬೇಕು, ಅದೂ ಸಿರೋಸಿಸ್ ಇನ್ನೂ ಆರಂಭದ ಹಂತದಲ್ಲಿದ್ದರೆ ಮಾತ್ರ. ಅಂದರೆ ಮೇಲಿನ ಉದಾಹರಣೆಯ ರೋಗಿ ಆರೋಗ್ಯವಂತ ಯಕೃತ್ತಿನವರಾಗಿದ್ದರೆ ನಿರಾಳವಾಗಿ ಮುಂದುವರಿಯಬಹುದು, ಕೀಮೋ ಪಡೆದವರಾದರೆ ಗಡಿಯಲ್ಲಿದ್ದಾರೆ, ಸಿರೋಸಿಸ್ ಇದ್ದರೆ ಅದೇ ಶಸ್ತ್ರಚಿಕಿತ್ಸೆ ಅವರ ಪಾಲಿಗೆ ಅಪಾಯಕಾರಿ. ಒಂದೇ ಗಾತ್ರದ ಗಡ್ಡೆ, ಒಂದೇ ಜಾಗದಲ್ಲಿರುವಾಗಲೂ ಇಬ್ಬರಿಗೆ ಬೇರೆ ಬೇರೆ ಸಲಹೆ ಸಿಗುವುದು ಈ ಕಾರಣದಿಂದ.

ಯಕೃತ್ತಿನ ಗುಣವನ್ನು ತಿಳಿಯಲು, ಕಾಮಾಲೆಯ ಮಟ್ಟವನ್ನು ಹೇಳುವ ಬಿಲಿರುಬಿನ್, ಯಕೃತ್ತು ತಯಾರಿಸುವ ಪ್ರೋಟೀನಾದ ಅಲ್ಬುಮಿನ್, ರಕ್ತ ಹೆಪ್ಪುಗಟ್ಟುವ ವೇಗವನ್ನು ಹೇಳುವ ಐಎನ್‌ಆರ್, ಹೊಟ್ಟೆಯಲ್ಲಿ ನೀರು ತುಂಬಿದೆಯೇ, ಬುದ್ಧಿ ಮಂಕಾಗುತ್ತದೆಯೇ ಎಂಬ ಐದು ಅಂಶಗಳ ಚೈಲ್ಡ್-ಪ್ಯೂ ಅಂಕವನ್ನು ನೋಡುತ್ತಾರೆ. ಎ ಗುಂಪಿನವರಿಗೆ ಶಸ್ತ್ರಚಿಕಿತ್ಸೆ ಯೋಚಿಸಬಹುದು. ಬಿ ಗುಂಪಿನವರಲ್ಲಿ ಬಹಳ ಆಯ್ದು, ಸಣ್ಣದಾಗಿ ಮಾತ್ರ. ಸಿ ಗುಂಪಿನವರಿಗೆ ಯಕೃತ್ತಿನ ಭಾಗ ತೆಗೆಯುವುದು ಸಲ್ಲದು. ರಕ್ತದ ಪ್ಲೇಟ್‌ಲೆಟ್ ಎಣಿಕೆ ಒಂದು ಲಕ್ಷಕ್ಕಿಂತ ಕಡಿಮೆಯಿದ್ದು ಗುಲ್ಮ ಊದಿಕೊಂಡಿದ್ದರೆ, ಅಥವಾ ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿರುವುದು ಕಂಡರೆ, ಪೋರ್ಟಲ್ ನಾಳದಲ್ಲಿ ಒತ್ತಡ ಹೆಚ್ಚಿದೆ ಎಂದು ತಿಳಿಯಬೇಕು. ಅಂಥವರಲ್ಲಿ ಸಾಧಾರಣ ರಕ್ತಪರೀಕ್ಷೆಗಳು ಚೆನ್ನಾಗಿ ಕಂಡರೂ ಶಸ್ತ್ರಚಿಕಿತ್ಸೆಯ ನಂತರ ಯಕೃತ್ತು ಸೋಲುವ ಸಂಭವ ಹೆಚ್ಚು. ಜಪಾನಿನಲ್ಲಿ ಇಂಡೋಸಯನೀನ್ ಗ್ರೀನ್ ಎಂಬ ಹಸಿರು ಬಣ್ಣದ ದ್ರವವನ್ನು ರಕ್ತಕ್ಕೆ ಚುಚ್ಚಿ, 15 ನಿಮಿಷದ ನಂತರ ಎಷ್ಟು ಉಳಿದಿದೆ ಎಂದು ನೋಡಿ ತೆಗೆಯಬಹುದಾದ ಭಾಗವನ್ನು ನಿರ್ಧರಿಸುವ ಪದ್ಧತಿ ರೂಢಿಯಲ್ಲಿದೆ: ಶೇ 10ಕ್ಕಿಂತ ಕಡಿಮೆ ಉಳಿದಿದ್ದರೆ ದೊಡ್ಡ ಭಾಗವನ್ನು ತೆಗೆಯಬಹುದು, ಅದು ಏರಿದಂತೆ ತೆಗೆಯಬಹುದಾದ ಭಾಗ ಕಿರಿದಾಗುತ್ತ ಹೋಗುತ್ತದೆ. ನಮ್ಮಲ್ಲಿ ಈ ಪರೀಕ್ಷೆ ಎಲ್ಲೆಡೆ ಸಿಗುವುದಿಲ್ಲ. ಸಿಗದಿದ್ದರೆ ಉಳಿದ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನಿರ್ಧರಿಸುತ್ತಾರೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಕಾಗದದ ಮೇಲೆ ಇವುಗಳಿಗೆ ಉತ್ತರ ಬರೆದುಕೊಳ್ಳಿ: ನನ್ನ ಯಕೃತ್ತು ಆರೋಗ್ಯವಾಗಿದೆಯೇ, ಕೊಬ್ಬು ತುಂಬಿದೆಯೇ, ಗಟ್ಟಿಯಾಗಿದೆಯೇ, ಯಾವ ಖಂಡಗಳನ್ನು ತೆಗೆಯುತ್ತೀರಿ, ಶೇಕಡಾ ಎಷ್ಟು ಉಳಿಯುತ್ತದೆ, ಹೊಟ್ಟೆ ತೆರೆದ ಮೇಲೆ ನಿರೀಕ್ಷಿಸದ್ದು ಕಂಡರೆ ಏನು ಮಾಡುತ್ತೀರಿ. ಈ ನಾಲ್ಕಕ್ಕೂ ಸ್ಪಷ್ಟ ಉತ್ತರ ಸಿಕ್ಕ ಮೇಲೆ ಉಳಿದ ಸಂದೇಹಗಳು ತಾವಾಗಿಯೇ ಚಿಕ್ಕವಾಗುತ್ತವೆ.

ಉಳಿಯುವ ಭಾಗ ಸಾಲದಿದ್ದರೆ

ಆಗಲೂ ದಾರಿಗಳಿವೆ. ತೆಗೆಯಲಿರುವ ಭಾಗಕ್ಕೆ ಹೋಗುವ ಪೋರ್ಟಲ್ ನಾಳದ ಕವಲನ್ನು, ಚರ್ಮದ ಮೂಲಕ ಸೂಜಿ ತೂರಿಸಿ ಮುಚ್ಚಿದರೆ ರಕ್ತವೆಲ್ಲ ಇನ್ನೊಂದು ಭಾಗಕ್ಕೆ ತಿರುಗಿ ಅದು ಬೆಳೆಯತೊಡಗುತ್ತದೆ; ಜಪಾನಿನ ಮಸಾತೋಷಿ ಮಕುಚಿ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಬೆಳೆಸಿದ ವಿಧಾನವಿದು. ಮೂರರಿಂದ ಆರು ವಾರ ಕಾದು ಮತ್ತೆ ಸ್ಕ್ಯಾನ್ ಮಾಡಿ ಅಳೆಯುತ್ತಾರೆ. ಈ ಕಾಯುವಿಕೆ ಮನೆಯವರಿಗೆ ಸಂಕಟ ತರುತ್ತದೆ, ಗಡ್ಡೆ ಒಳಗೇ ಇರುವಾಗ ದಿನ ಕಳೆಯುವುದೇಕೆ ಎಂಬ ಪ್ರಶ್ನೆ ಕಾಡುತ್ತದೆ. ಆದರೆ ಈ ಅವಧಿ ಪರೀಕ್ಷೆಯ ಅವಧಿಯೂ ಹೌದು: ನಾಳ ಮುಚ್ಚಿದ ಮೇಲೂ ಬೆಳೆಯದ ಯಕೃತ್ತು, ಶಸ್ತ್ರಚಿಕಿತ್ಸೆಯ ನಂತರವೂ ಬೆಳೆಯಲು ಕಷ್ಟಪಡುತ್ತದೆ ಎಂಬ ಅಮೂಲ್ಯ ಮುನ್ಸೂಚನೆಯನ್ನು ಅದು ಕೊಡುತ್ತದೆ.

2012ರಲ್ಲಿ ಜರ್ಮನಿಯ ತಜ್ಞರು ಇದಕ್ಕಿಂತ ವೇಗದ ವಿಧಾನವೊಂದನ್ನು ಪ್ರಕಟಿಸಿದರು. ನಾಳವನ್ನು ಕಟ್ಟುವುದರ ಜೊತೆಗೆ ಯಕೃತ್ತನ್ನು ಒಳಗೇ ಸೀಳಿ ಬಿಟ್ಟು, ಕೆಲವು ದಿನಗಳ ನಂತರ ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆಯುವ ಆ ವಿಧಾನದಲ್ಲಿ, 25 ರೋಗಿಗಳ ಉಳಿಯುವ ಭಾಗ 9 ದಿನಗಳಲ್ಲಿ ಸುಮಾರು ಶೇ 74ರಷ್ಟು ಹಿಗ್ಗಿತು. ಆದರೆ ಶೇ 12 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಮುಂದೆ ಆಯ್ಕೆ ಬಿಗಿಯಾದಂತೆ ಫಲಿತಾಂಶ ಸುಧಾರಿಸಿದೆಯಾದರೂ, ವೇಗದ ಆಕರ್ಷಣೆಗೆ ಸಿಕ್ಕು ಇದನ್ನು ಆರಿಸಿಕೊಳ್ಳಬಾರದು. ಸಿರೋಸಿಸ್ ಇರುವವರಿಗೆ ಸಣ್ಣ ಗಡ್ಡೆಯನ್ನು ಸೂಜಿಯ ಮೂಲಕ ಸುಡುವ ಚಿಕಿತ್ಸೆ, ಗಡ್ಡೆಗೆ ರಕ್ತ ಒಯ್ಯುವ ನಾಳದೊಳಗೇ ಔಷಧಿ ಬಿಡುವ ಚಿಕಿತ್ಸೆ, ಯಕೃತ್ತಿನ ಕಸಿ ಇವುಗಳಲ್ಲಿ ಯಾವುದು ಸೂಕ್ತ ಎಂಬ ಚರ್ಚೆಯೂ ಆಗಬೇಕು. ಶಸ್ತ್ರಚಿಕಿತ್ಸಕರೊಬ್ಬರೇ ನಿರ್ಧರಿಸದೆ ಕ್ಯಾನ್ಸರ್ ತಜ್ಞರು, ಯಕೃತ್ತಿನ ವೈದ್ಯರು, ರೇಡಿಯಾಲಜಿ ತಜ್ಞರು ಒಟ್ಟಿಗೆ ಕೂತು ನಿರ್ಧರಿಸಿದ್ದಾರೆಯೇ ಎಂದು ವಿಚಾರಿಸಿ.

ಆಸ್ಪತ್ರೆಯನ್ನು ಆರಿಸುವಾಗ

ಈ ಶಸ್ತ್ರಚಿಕಿತ್ಸೆಯನ್ನು ಹೆಚ್ಚು ಸಂಖ್ಯೆಯಲ್ಲಿ ಮಾಡುವ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಎಂಬುದು ಹಲವು ದೇಶಗಳ ಅನುಭವ. ಅಲ್ಲಿ ತೊಡಕುಗಳೇ ಬರುವುದಿಲ್ಲ ಎಂದಲ್ಲ. ಬಂದ ತೊಡಕನ್ನು ಬೇಗ ಗುರುತಿಸಿ ರೋಗಿಯನ್ನು ಉಳಿಸಿಕೊಳ್ಳುವ ಸಾಮರ್ಥ್ಯ ಅಲ್ಲಿ ಹೆಚ್ಚು. ಹಾಗಾಗಿ ಕಟ್ಟಡ, ಕೊಠಡಿ, ಜಾಹೀರಾತುಗಳನ್ನು ಬದಿಗಿಟ್ಟು, ರಾತ್ರಿ ಎರಡು ಗಂಟೆಗೆ ರಕ್ತಸ್ರಾವವಾದರೆ ಯಾರಿರುತ್ತಾರೆ ಎಂದು ಕೇಳಿ. ದಿನದ ಇಪ್ಪತ್ನಾಲ್ಕು ಗಂಟೆಯೂ ನಡೆಯುವ ಐಸಿಯು, ರಕ್ತನಿಧಿ, ಸಿಟಿ ಸ್ಕ್ಯಾನ್, ಸೂಜಿಯ ಮೂಲಕ ಕೀವು ಅಥವಾ ಪಿತ್ತವನ್ನು ಹೊರತೆಗೆಯಬಲ್ಲ ರೇಡಿಯಾಲಜಿ ತಜ್ಞರು ಮತ್ತು ಪಿತ್ತನಾಳಕ್ಕೆ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಕೊಳವೆ) ಹಾಕಬಲ್ಲ ಎಂಡೋಸ್ಕೋಪಿ ತಜ್ಞರು ಒಂದೇ ಕಡೆ ಇರಬೇಕು. ಸಾವಿನ ಪ್ರಮಾಣವನ್ನು ಕೇಳುವಾಗ 30 ದಿನಗಳದ್ದಲ್ಲ, 90 ದಿನಗಳ ಲೆಕ್ಕ ಕೇಳಿ. ಯಕೃತ್ತಿನ ವೈಫಲ್ಯದಿಂದ ಆಗುವ ಸಾವು ಎಷ್ಟೋ ಬಾರಿ ಒಂದು ತಿಂಗಳು ಕಳೆದ ಮೇಲೆ ಸಂಭವಿಸುತ್ತದೆ.

ಹೊಟ್ಟೆಯನ್ನು ತೆರೆದು ಮಾಡುವುದೋ, ಸಣ್ಣ ರಂಧ್ರಗಳ ಮೂಲಕ ಲ್ಯಾಪ್ರೋಸ್ಕೋಪಿಯಿಂದ ಮಾಡುವುದೋ ಎಂಬ ಪ್ರಶ್ನೆಗೆ ನಾರ್ವೆಯ ಓಸ್ಲೋದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಒಂದು ಒಳ್ಳೆಯ ಉತ್ತರ ಕೊಟ್ಟಿದೆ. ದೊಡ್ಡ ಕರುಳಿನಿಂದ ಹರಡಿದ ಗಡ್ಡೆಗಳಿಗಾಗಿ ಯಕೃತ್ತಿನ ಸಣ್ಣ ಭಾಗ ತೆಗೆಸಿಕೊಂಡ 280 ರೋಗಿಗಳಲ್ಲಿ, ಲ್ಯಾಪ್ರೋಸ್ಕೋಪಿಯಾದವರಲ್ಲಿ ಶೇ 19 ಮಂದಿಗೂ ಹೊಟ್ಟೆ ತೆರೆದವರಲ್ಲಿ ಶೇ 31 ಮಂದಿಗೂ ತೊಡಕುಗಳು ಬಂದವು. ಇದು ಸಣ್ಣ ಶಸ್ತ್ರಚಿಕಿತ್ಸೆಗಳಿಗೆ ಅನ್ವಯಿಸುವ ಮಾತು. ದೊಡ್ಡ ನಾಳಗಳಿಗೆ ಅಂಟಿದ ಗಡ್ಡೆಯನ್ನೂ ರಂಧ್ರದಿಂದಲೇ ತೆಗೆಯಿರಿ ಎಂದು ರೋಗಿ ಒತ್ತಾಯಿಸುವುದು ಸರಿಯಲ್ಲ; ಗಾಯದ ಉದ್ದಕ್ಕಿಂತ ಒಳಗಿನ ನಾಳಗಳ ರಕ್ಷಣೆ ದೊಡ್ಡದು.

ಮನೆಯಲ್ಲಿ ಮಾಡಿಕೊಳ್ಳಬೇಕಾದ ತಯಾರಿ

ಕೈಯಲ್ಲಿ ಕೆಲವು ವಾರಗಳಿದ್ದರೆ ಅವನ್ನು ವ್ಯರ್ಥ ಮಾಡಬೇಡಿ. ಮದ್ಯವನ್ನು ಸಂಪೂರ್ಣ ಬಿಡಬೇಕು. ಬೀಡಿ, ಸಿಗರೇಟುಗಳನ್ನು ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಿಸಿದರೆ ಶ್ವಾಸಕೋಶದ ತೊಡಕುಗಳು ಕಡಿಮೆಯಾಗುತ್ತವೆ. ದಿನವೂ ಅರ್ಧ ಗಂಟೆಯಾದರೂ ಚುರುಕಾಗಿ ನಡೆಯುವುದು, ಎರಡು ಮಹಡಿ ಮೆಟ್ಟಿಲು ಹತ್ತುವಷ್ಟು ಶಕ್ತಿ ಬೆಳೆಸಿಕೊಳ್ಳುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಯಕೃತ್ತಿನ ಕಾಯಿಲೆ ಎಂದ ಕೂಡಲೇ ನಮ್ಮಲ್ಲಿ ಬರೀ ಗಂಜಿ, ಉಪ್ಪಿಲ್ಲದ ಅನ್ನ, ಎಳನೀರುಗಳಿಗೆ ರೋಗಿಯನ್ನು ಇಳಿಸಿಬಿಡುವ ರೂಢಿಯಿದೆ. ಇದರಿಂದ ಸ್ನಾಯುಗಳು ಕರಗಿ ಶಸ್ತ್ರಚಿಕಿತ್ಸೆಯನ್ನು ತಾಳುವ ಬಲವೇ ಕುಂದುತ್ತದೆ. ವೈದ್ಯರು ನಿರ್ದಿಷ್ಟವಾಗಿ ಬೇಡವೆನ್ನದ ಹೊರತು ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನುಗಳಂಥ ಪ್ರೋಟೀನ್ ಇರುವ ಆಹಾರ ಪ್ರತಿ ಊಟದಲ್ಲೂ ಇರಲಿ. ಹೊಟ್ಟೆಯಲ್ಲಿ ನೀರು ತುಂಬಿದವರು ಮಾತ್ರ ಉಪ್ಪನ್ನು ಕಡಿಮೆ ಮಾಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾಮಾಲೆಗೆ ನಾಟಿ ಔಷಧಿ ಕೊಡಿಸುವುದು, ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿಯ ಕಷಾಯ ಕುಡಿಸುವುದು ನಮ್ಮ ಹಳ್ಳಿ-ಪಟ್ಟಣಗಳಲ್ಲಿ ಪ್ರೀತಿಯಿಂದ ನಡೆಯುವ ಕೆಲಸ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತವಾದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಶಸ್ತ್ರಚಿಕಿತ್ಸೆ ಎದುರಿಗಿರುವಾಗ, ಉಳಿಯಲಿರುವ ಭಾಗಕ್ಕೆ ಅಂಥ ಸಣ್ಣ ಪೆಟ್ಟೂ ದುಬಾರಿ. ಬೇರು, ಬೂದಿ, ಕಷಾಯ, ಪುಡಿ, ದೇಹದಾರ್ಢ್ಯದ ಡಬ್ಬಿಗಳು ಏನೇ ಇದ್ದರೂ ನಿಲ್ಲಿಸಿ, ಹಿಂದೆ ತೆಗೆದುಕೊಂಡದ್ದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ.

ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಹೃದ್ರೋಗ ತಜ್ಞರೂ ಅರಿವಳಿಕೆ ತಜ್ಞರೂ ಹೇಳಬೇಕು, ನೀವಾಗಿಯೇ ನಿಲ್ಲಿಸಬೇಡಿ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳು ಆಗಿರಬೇಕು, ಬಿ ವೈರಸ್ ಇದ್ದರೆ ಮಾತ್ರೆ ಮೊದಲೇ ಆರಂಭವಾಗಬೇಕು. ಕೊನೆಯ ಕೀಮೋ ಮುಗಿದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಿಡುತ್ತಾರೆ. ಕಾಮಾಲೆ ಹೆಚ್ಚಿದ್ದು ದೊಡ್ಡ ಭಾಗ ತೆಗೆಯಬೇಕಾದರೆ, ಉಳಿಯುವ ಭಾಗದ ಪಿತ್ತವನ್ನು ಸ್ಟೆಂಟ್ ಅಥವಾ ನಳಿಕೆಯಿಂದ ಹರಿಸಿ ಬಿಲಿರುಬಿನ್ ಇಳಿಯುವವರೆಗೆ ಕಾಯಬೇಕಾಗುತ್ತದೆ.

ಕರ್ನಾಟಕದಲ್ಲಿ ಆಯುಷ್ಮಾನ್ ಕಾರ್ಡಿನ ನೆರವು ಪಡೆಯುವವರು ಮುಂಗಡ ಅನುಮತಿ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸಿನ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕಾಣುವುದು ಉತ್ತಮ. ರಕ್ತ ಕೊಡಬಲ್ಲವರ ಹೆಸರುಗಳನ್ನೂ ಆಗಲೇ ಬರೆದಿಟ್ಟುಕೊಳ್ಳಿ.

ಆಸ್ಪತ್ರೆಯ ದಿನಗಳು

ಹಿಂದಿನ ರಾತ್ರಿಯಿಂದಲೇ ನೀರನ್ನೂ ಮುಟ್ಟಬಾರದು ಎಂಬ ಹಳೆಯ ನಿಯಮ ಬದಲಾಗಿದೆ. ಹೆಚ್ಚಿನ ತಂಡಗಳು ಆರು ಗಂಟೆ ಮೊದಲಿನವರೆಗೆ ಹಗುರ ಆಹಾರವನ್ನೂ ಎರಡು ಗಂಟೆ ಮೊದಲಿನವರೆಗೆ ತಿಳಿ ದ್ರವವನ್ನೂ ಬಿಡುತ್ತವೆ. ನಿಮ್ಮ ಅರಿವಳಿಕೆ ತಜ್ಞರು ಹೇಳಿದ ಸಮಯವನ್ನೇ ಪಾಲಿಸಿ.

ಶಸ್ತ್ರಚಿಕಿತ್ಸೆಯ ಮರುದಿನವೇ ಕುಳ್ಳಿರಿಸಿ, ಕುಡಿಸಿ, ಸಾಧ್ಯವಾದರೆ ನಡೆಸುತ್ತಾರೆ. ಹೊಟ್ಟೆ ಕೊಯ್ದವರನ್ನು ಇಷ್ಟು ಬೇಗ ಎಬ್ಬಿಸುವುದೇ ಎಂದು ಮನೆಯ ಹಿರಿಯರು ತಡೆಯಬಾರದು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಬಲಗಡೆಯ ಶ್ವಾಸಕೋಶದ ತಳ ಕುಸಿಯಬಹುದು. ಫಿಸಿಯೋಥೆರಪಿಯವರು ಕೊಟ್ಟ ಉಸಿರಿನ ಉಪಕರಣವನ್ನು ಎಚ್ಚರವಿರುವಷ್ಟು ಹೊತ್ತೂ ಗಂಟೆಗೊಮ್ಮೆ ಬಳಸಬೇಕು. ನೋವಿದ್ದರೆ ಸಹಿಸಿಕೊಳ್ಳದೆ ಹೇಳಿ. ನೋವಿನಿಂದ ಕೆಮ್ಮಲಾರದ ರೋಗಿಗೆ ನ್ಯುಮೋನಿಯ ಬೇಗ ಹತ್ತುತ್ತದೆ.

ಮೊದಲ ಎರಡು ದಿನಗಳ ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಎನ್‌ಜೈಮುಗಳು ನೂರಾರು ಅಂಕಗಳಿಗೆ ಏರುವುದು, ಐಎನ್‌ಆರ್ ಸ್ವಲ್ಪ ಹೆಚ್ಚುವುದು, ರಕ್ತದಲ್ಲಿನ ರಂಜಕ (ಫಾಸ್ಫರಸ್) ಇಳಿಯುವುದು ನಿರೀಕ್ಷಿತವೇ. ನೋಡಬೇಕಾದುದು ಅವು ಮೂರನೆಯ ದಿನದಿಂದ ಯಾವ ಕಡೆ ಸಾಗುತ್ತಿವೆ ಎಂಬುದನ್ನು. ಐದನೆಯ ದಿನ ಬಹಳ ಮುಖ್ಯ: ಆ ಹೊತ್ತಿಗೂ ಬಿಲಿರುಬಿನ್ ಮತ್ತು ಐಎನ್‌ಆರ್ ಎರಡೂ ಏರುಗತಿಯಲ್ಲಿದ್ದರೆ ಉಳಿದ ಯಕೃತ್ತು ಸೋಲುತ್ತಿದೆ ಎಂದು ಅರ್ಥ. 2005ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಐದನೆಯ ದಿನ ಬಿಲಿರುಬಿನ್ ಡೆಸಿಲೀಟರಿಗೆ ಸುಮಾರು 3 ಮಿಲಿಗ್ರಾಂಗಿಂತ, ಐಎನ್‌ಆರ್ 1.7ಕ್ಕಿಂತ ಹೆಚ್ಚಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕಲಿಲ್ಲ. ಆದ್ದರಿಂದ ಆ ದಿನದ ವರದಿಯನ್ನು ಕೇಳಿ ತಿಳಿದುಕೊಳ್ಳುವುದು ಅತಿಯಾದ ಆತಂಕವಲ್ಲ.

ಪಿತ್ತ ಸೋರುವುದು ಇನ್ನೊಂದು ತೊಡಕು. ಕತ್ತರಿಸಿದ ಮೇಲ್ಮೈಯ ಸಣ್ಣ ನಾಳದಿಂದ ಪಿತ್ತ ಹೊರಬಂದರೆ ಡ್ರೈನ್ ಪೈಪಿನ ಚೀಲದಲ್ಲಿ ಹಸಿರು ಮಿಶ್ರಿತ ಹಳದಿ ದ್ರವ ಕಾಣುತ್ತದೆ. ಚೀಲದ ದ್ರವದ ಬಣ್ಣ ಬದಲಾದರೆ ಕೂಡಲೇ ನರ್ಸಿಗೆ ತೋರಿಸಿ. ಇದು ಭಯ ಹುಟ್ಟಿಸುವಂತೆ ಕಂಡರೂ ಬಹುಪಾಲು ಪ್ರಕರಣಗಳು ಪೈಪನ್ನು ಕೆಲವು ದಿನ ಹೆಚ್ಚಿಗೆ ಉಳಿಸುವುದರಿಂದ ಅಥವಾ ಸ್ಟೆಂಟಿನಿಂದ, ಮತ್ತೆ ಹೊಟ್ಟೆ ತೆರೆಯದೆಯೇ ಗುಣವಾಗುತ್ತವೆ.

ಮನೆಗೆ ಬಂದ ಮೇಲೆ

ತೊಡಕಿಲ್ಲದಿದ್ದರೆ ಹೆಚ್ಚಿನವರು ಒಂದು ವಾರದ ಸುತ್ತಮುತ್ತ ಮನೆಗೆ ಬರುತ್ತಾರೆ. ಉಳಿದ ಯಕೃತ್ತು ಮೊದಲ ಎರಡು ವಾರಗಳಲ್ಲಿ ವೇಗವಾಗಿ ಹಿಗ್ಗಿ, ಸುಮಾರು ಮೂರು ತಿಂಗಳಲ್ಲಿ ಬಹುಮಟ್ಟಿಗೆ ಹಿಂದಿನ ಗಾತ್ರಕ್ಕೆ ಬರುತ್ತದೆ. ಕತ್ತರಿಸಿದ ಭಾಗವೇ ಮತ್ತೆ ಚಿಗುರುವುದಿಲ್ಲ, ಉಳಿದ ಭಾಗ ದೊಡ್ಡದಾಗುತ್ತದೆ. ಈ ಕೆಲಸಕ್ಕೆ ದೇಹ ಬಹಳ ಶಕ್ತಿ ವ್ಯಯಿಸುವುದರಿಂದ ಒಂದೆರಡು ತಿಂಗಳು ಆಯಾಸ ಇದ್ದೇ ಇರುತ್ತದೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಬಾರಿ ಉಣ್ಣಲಿ. ಆರು ವಾರ ಭಾರ ಎತ್ತುವುದು ಬೇಡ.

ಜ್ವರ, ಚಳಿ ನಡುಕ, ಕಣ್ಣು ಹಳದಿಯಾಗುವುದು, ಹೊಟ್ಟೆ ಉಬ್ಬುತ್ತ ಹೋಗುವುದು, ಗಾಯದಿಂದ ಕೀವು ಅಥವಾ ಹಳದಿ-ಹಸಿರು ದ್ರವ ಬರುವುದು, ಒಂದು ಕಾಲು ಮಾತ್ರ ಊದುವುದು, ಉಸಿರು ಕಟ್ಟುವುದು, ಕಪ್ಪು ಮಲ ಅಥವಾ ರಕ್ತ ವಾಂತಿ, ಇವುಗಳಲ್ಲಿ ಯಾವುದು ಕಂಡರೂ ಮರುದಿನದವರೆಗೆ ಕಾಯಬಾರದು. ರೋಗಿ ಹಗಲು ತೂಕಡಿಸಿ ರಾತ್ರಿ ಎಚ್ಚರವಿರುವುದು, ಮಾತು ತೊದಲುವುದು, ಪರಿಚಿತರ ಹೆಸರು ತಪ್ಪುವುದು ಯಕೃತ್ತು ಸೋಲುತ್ತಿರುವ ಗುರುತಾಗಿರಬಹುದು. ದಣಿವೆಂದು ತಳ್ಳಿಹಾಕದೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಸಾಧ್ಯವಾದಷ್ಟೂ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಗೇ ಮರಳಿ, ಡಿಸ್ಚಾರ್ಜ್ ಕಾಗದಗಳನ್ನು ಜೊತೆಗೊಯ್ಯಿರಿ.

ನೋವಿಗೆ ಮೆಡಿಕಲ್ ಅಂಗಡಿಯಿಂದ ನೀವೇ ಮಾತ್ರೆ ತರಬೇಡಿ. ಪ್ಯಾರಾಸಿಟಮಾಲ್ ಸುರಕ್ಷಿತವಾದರೂ ಪ್ರಮಾಣ ಎಂದಿಗಿಂತ ಕಡಿಮೆ ಇರಬೇಕಾಗಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು, ರಕ್ತಸ್ರಾವ ತರಬಹುದು. ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾದ ಹಲವರಿಗೆ ರಕ್ತ ಹೆಪ್ಪುಗಟ್ಟದಂತೆ ನಾಲ್ಕು ವಾರಗಳವರೆಗೆ ಚುಚ್ಚುಮದ್ದು ಬರೆಯುತ್ತಾರೆ. ನೋವಾಗುತ್ತದೆಂದು ಅದನ್ನು ಅರ್ಧಕ್ಕೆ ಬಿಡಬೇಡಿ.

ಮುಂದಿನ ವರ್ಷಗಳು

ದೊಡ್ಡ ಕರುಳಿನಿಂದ ಹರಡಿದ ಕ್ಯಾನ್ಸರಿಗೆ ಯಕೃತ್ತಿನ ಗಡ್ಡೆಗಳನ್ನು ಪೂರ್ಣವಾಗಿ ತೆಗೆದವರಲ್ಲಿ ಶೇ 40ರಿಂದ 50 ಮಂದಿ ಐದು ವರ್ಷಗಳನ್ನು ದಾಟುತ್ತಾರೆ. ನಾಲ್ಕನೆಯ ಹಂತದ ಕ್ಯಾನ್ಸರ್ ಎಂದರೆ ಕೈಚೆಲ್ಲಿ ಕೂರುತ್ತಿದ್ದ ಕಾಲದಿಂದ ಇದು ಬಹು ದೂರದ ಪ್ರಯಾಣ. ಯಕೃತ್ತಿನಲ್ಲೇ ಹುಟ್ಟಿದ ಕ್ಯಾನ್ಸರಿನಲ್ಲಿ, ಸರಿಯಾಗಿ ಆಯ್ದ ರೋಗಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷ ಬದುಕುತ್ತಾರೆ. ಆದರೆ ಎರಡರಲ್ಲೂ ರೋಗ ಮರುಕಳಿಸುವುದು ಸಾಮಾನ್ಯ. ಯಕೃತ್ತಿನ ಕ್ಯಾನ್ಸರಿನಲ್ಲಿ ಐದು ವರ್ಷಗಳೊಳಗೆ ಸುಮಾರು ಶೇ 70 ಮಂದಿಯಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಅದಕ್ಕೆ ಕಾರಣವಾದ ಸಿರೋಸಿಸ್ ಅಥವಾ ವೈರಸ್ ಉಳಿದ ಭಾಗದಲ್ಲೂ ಇರುತ್ತದೆ. ಬೇಗ ಪತ್ತೆಯಾದರೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಬಹುದು, ಸುಡುವ ಚಿಕಿತ್ಸೆ ಕೊಡಬಹುದು, ಕೆಲವರಿಗೆ ಕಸಿಯನ್ನೂ ಯೋಚಿಸಬಹುದು. ಹಾಗಾಗಿ ಮೊದಲ ಎರಡು ವರ್ಷ ಮೂರು-ನಾಲ್ಕು ತಿಂಗಳಿಗೊಮ್ಮೆ, ನಂತರ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಗಳನ್ನು ಚೆನ್ನಾಗಿದ್ದೇನೆ ಎನಿಸಿದಾಗಲೂ ತಪ್ಪಿಸಬಾರದು. ಶಸ್ತ್ರಚಿಕಿತ್ಸೆಯ ವಿವರದ ಟಿಪ್ಪಣಿ, ಬಯಾಪ್ಸಿ ವರದಿ, ಸ್ಕ್ಯಾನಿನ ಸಿಡಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಿ. ಎರಡನೆಯ ಬಾರಿ ನೋಡುವ ತಜ್ಞರಿಗೆ ಯಾವ ಖಂಡಗಳು ಉಳಿದಿವೆ ಎಂಬುದು ಅವುಗಳಿಂದಲೇ ತಿಳಿಯಬೇಕು.

ಹೆಪಟೈಟಿಸ್ ಬಿ ಇರುವವರು ವೈರಸ್ ತಡೆಯುವ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬಾರದು. ಅದು ರೋಗ ಮರುಕಳಿಸುವ ಸಂಭವವನ್ನು ತಗ್ಗಿಸುತ್ತದೆ ಮತ್ತು ಉಳಿದ ಯಕೃತ್ತನ್ನು ಕಾಯುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇದರ ಪರೀಕ್ಷೆಯೂ ಔಷಧಿಯೂ ಸರ್ಕಾರದ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ. ಅಂಥ ರೋಗಿಯ ಪತಿ ಅಥವಾ ಪತ್ನಿ, ಮಕ್ಕಳು, ಒಡಹುಟ್ಟಿದವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದವರು ಮೂರು ಡೋಸ್ ಲಸಿಕೆಯನ್ನು ಪೂರ್ಣವಾಗಿ ಹಾಕಿಸಿಕೊಳ್ಳಬೇಕು.